ಪಾಕ ಸಮ್ಮೇಳನಕ್ಕೊಂದು ಅಂಕಿತ

(ಸಂಘದ ವಾರ್ಷಿಕೋತ್ಸವ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಮುಂಬರುವ ವರ್ಷ ನಮ್ಮ ಸಂಘವು ಕೋಸಗಿಯಲ್ಲಿ ಗಡಿಸೀಮೆಯ ಅಡುಗೆಗಳ ಸಮ್ಮೇಳನವೊಂದನ್ನು ನೆರವೇರಿಸಬೇಕೆಂದು ಕಾರ್ಯಕಾರಿ ಸಮಿತಿಯವರು ಸಂಕಲ್ಪಿಸಿದ್ದಾರೆ. ಸುತ್ತಣ ಹಳ್ಳಿಗಳ ಕನ್ನಡ ಮನೆಗಳವರು ತಂತಮ್ಮ ಅಡುಗೆಯನ್ನು ತಂದು ಒಂದೆಡೆ ಬಡಿಸುವುದು, ಅದರ ಹೆಸರನ್ನೂ ವಿಧಾನವನ್ನೂ ಬರೆದಿಡುವುದು, ಇವೇ ಅದರ ಉದ್ದೇಶ. ಈ ಸಮ್ಮೇಳನಕ್ಕೆ ಯಾವ ಹೆಸರು ಒಪ್ಪುವುದು, ಯಾವ ಲಾಂಛನ ಬೇಕು, ಅಕ್ಷರ ಹೇಗಿರಬೇಕು, ಬಣ್ಣ ಯಾವುದಾಗಬೇಕು ಎಂಬ ವಿಚಾರವಾಗಿ ನಾಲ್ಕು ಮಾತು ಹೇಳಬೇಕೆಂದು ನಮಗೆ ಅಪ್ಪಣೆಯಾಗಿದೆ. ಹಳಗನ್ನಡದ ಪಾಠ ಹೇಳುವವರಿಗೆ ಇದೇನು ಕೆಲಸ ಎಂದು ಕೆಲವರಿಗೆ ತೋರೀತು. ಹೆಸರಿಡುವುದು, ಹೆಸರಿನ ಅರ್ಥವನ್ನು ಬಿಡಿಸುವುದು, ತಪ್ಪಿದ ಅಕ್ಷರವನ್ನು ತಿದ್ದುವುದು, ಇವು ಭಾಷೆಯ ಉಪಾಧ್ಯಾಯರಾದ ನಮ್ಮ ನಿತ್ಯದ ಕೆಲಸಗಳೇ ಆಗಿರುವುದರಿಂದ ಅಧಿಕಪ್ರಸಂಗವಾಗದೆಂದು ನಂಬಿ ಮಾತಿಗೆ ತೊಡಗುತ್ತೇವೆ.

ಇಂದಿನ ವ್ಯಾಪಾರದವರು ‘ಬ್ರಾಂಡ್’ ಎಂಬ ಮಾತನ್ನು ಪದೇ ಪದೇ ಆಡುತ್ತಾರೆ. ಆ ಮಾತಿನ ಮೂಲಾರ್ಥ ಸುಡುವುದು, ಕಾಯಿಸಿದ ಕಬ್ಬಿಣದಿಂದ ದನದ ಮೈಮೇಲೆ ಬರೆ ಎಳೆದು ಇದು ಇಂಥವರ ಸೊತ್ತು ಎಂದು ಗುರುತು ಮಾಡುವುದು. ನಮ್ಮಲ್ಲಿ ಅದಕ್ಕಿಂತ ಸೌಮ್ಯವಾದ ಮಾತೊಂದುಂಟು. ಅದು ಅಂಕಿತ. ಈ ನಮ್ಮ ಸೀಮೆ ದಾಸರ ಸೀಮೆ. ತುಂಗಭದ್ರೆಯ ದಡದ ಮಂತ್ರಾಲಯ ನಮಗೆ ಕೂಗಳತೆಯಲ್ಲಿದೆ. ನದಿಯಾಚೆಯ ರಾಯಚೂರು ಸೀಮೆಯ ಚೀಕಲಪರವಿಯ ವಿಜಯದಾಸರು ‘ವಿಜಯವಿಠಲ’ ಎಂದೂ ಮೊಸರಕಲ್ಲಿನ ಗೋಪಾಲದಾಸರು ‘ಗೋಪಾಲವಿಠಲ’ ಎಂದೂ ಹಾಡಿನ ಕೊನೆಗೆ ತಮ್ಮ ಗುರುತನ್ನು ಇಟ್ಟರು. ಅಂಕಿತವನ್ನು ತಾವಾಗಿಯೇ ತೊಟ್ಟುಕೊಳ್ಳುವಂತಿರಲಿಲ್ಲ. ಯೋಗ್ಯತೆಯನ್ನು ನೋಡಿ ಗುರುಗಳು ಅನುಗ್ರಹಿಸಬೇಕಾಗಿತ್ತು. ಗೋಪಾಲದಾಸರಿಗೆ ಅಂಕಿತವಿತ್ತವರು ವಿಜಯದಾಸರೇ. ಎಂದ ಮೇಲೆ ಅಂಕಿತವು ಕೇವಲ ಸೊತ್ತಿನ ಗುರುತಲ್ಲ. ಅದೊಂದು ಹೊಣೆ. ಈ ಹಾಡಿಗೆ ನಾನು ಬಾಧ್ಯನು ಎಂದು ಹಾಡಿದವನು ಎಲ್ಲರೆದುರು ಒಪ್ಪಿಕೊಂಡ ಮಾತು. ನಮ್ಮ ಸಮ್ಮೇಳನಕ್ಕೆ ಬೇಕಾದುದು ಇಂತಹ ಅಂಕಿತವೇ ಹೊರತು ಬರೆಯಲ್ಲ.

ಅಡುಗೆಯಂಥ ಮನೆಯ ವಿಷಯಕ್ಕೆ ಇಷ್ಟು ವಿಚಾರವೇಕೆ ಎನ್ನುವವರಿಗೆ ಒಂದು ಮಾತು. ಕನ್ನಡದಲ್ಲಿ ಪಾಕವಿದ್ಯೆಯು ಎಂದೂ ಕೀಳಾದ ವಿಷಯವಾಗಿರಲಿಲ್ಲ. 1025ರ ಸುಮಾರಿನಲ್ಲಿ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿ ಮಳೆ, ಬಾವಿ, ಮನೆ, ವೈದ್ಯಗಳ ಜೊತೆಗೆ ಅಡುಗೆಯೂ ಸೇರಿದೆ. 1508ರ ಸುಮಾರಿನ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ ಎಂಬ ಹೆಸರಿನಲ್ಲಿ ಅಡುಗೆಗೇ ಮೀಸಲಾದ ಕಾವ್ಯವನ್ನು ಷಟ್ಪದಿಯಲ್ಲಿ ಬರೆದನು. ರೊಟ್ಟಿ ಕಡುಬುಗಳಿಗೆ ಕವಿಗಳೇ ಕೈಯಿಕ್ಕಿದ ನಾಡು ನಮ್ಮದು.

ಹೆಸರೆಂಬುದು ಧಾನ್ಯದ ಭಾಗ್ಯವನ್ನೇ ಬದಲಿಸಬಲ್ಲುದು ಎಂಬುದನ್ನು ಬಲ್ಲವರು ಕನಕದಾಸರು. ಅವರ ‘ರಾಮಧಾನ್ಯಚರಿತ್ರೆ’ಯನ್ನು ನಮ್ಮ ವಿದ್ಯಾರ್ಥಿಗಳು ಬಲ್ಲರು. ಭತ್ತಕ್ಕೂ ನರೆದಲಗಕ್ಕೂ ಯಾರು ದೊಡ್ಡವರೆಂದು ವಿವಾದ ಹುಟ್ಟಿತು. ಶ್ರೀರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿರಿಸಿದನು. ಅವಧಿ ಮುಗಿದು ಹೊರತಂದಾಗ ಭತ್ತ ಸೊರಗಿತ್ತು, ನರೆದಲಗ ಗಟ್ಟಿಯಾಗಿತ್ತು. ರಾಘವನು ಮೆಚ್ಚಿ ತನ್ನ ಹೆಸರನ್ನೇ ಅದಕ್ಕೆ ಕೊಟ್ಟುದರಿಂದ ಅದು ರಾಗಿಯಾಯಿತು ಎಂಬುದು ಕಥೆ. ಗಮನಿಸಬೇಕಾದುದೇನೆಂದರೆ, ಹೆಸರು ಮೊದಲು ಬಂದು ಯೋಗ್ಯತೆ ಆಮೇಲೆ ಬರಲಿಲ್ಲ. ಆರು ತಿಂಗಳ ಪರೀಕ್ಷೆಯನ್ನು ತಾಳಿಕೊಂಡ ಮೇಲೆ ಹೆಸರು ಬಂದಿತು. ನಮ್ಮ ಕಾಲದಲ್ಲಿಯೂ ಇಂತಹದೇ ಒಂದು ಸಂಗತಿ ನಡೆದಿದೆ. ನವಣೆ, ಸಾಮೆ, ಹಾರಕ, ಊದಲುಗಳನ್ನು ಒಂದು ಕಾಲಕ್ಕೆ ಕಿರುಧಾನ್ಯ, ತೃಣಧಾನ್ಯ ಎಂದು ಹುಲ್ಲಿನ ಸಾಲಿಗೆ ಸೇರಿಸಿ ಕರೆಯುತ್ತಿದ್ದರು. ಬಳಿಕ ಕನ್ನಡಿಗರು ಅವನ್ನು ‘ಸಿರಿಧಾನ್ಯ’ ಎಂದು ಕರೆಯತೊಡಗಿದರು. ಕಾಳು ಹಿಂದಿನದೇ, ಹೊಲವೂ ಹಿಂದಿನದೇ. ಹೆಸರು ಬದಲಾದೊಡನೆ ಪೇಟೆಯವರ ಕಣ್ಣು ಬದಲಾಯಿತು. ಭಾರತದ ಸೂಚನೆಯ ಮೇರೆಗೆ ವಿಶ್ವಸಂಸ್ಥೆಯ ಮಹಾಸಭೆಯು 2021ರ ಮಾರ್ಚಿಯಲ್ಲಿ ನಿರ್ಣಯ ಮಾಡಿ 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಸಾರಿತು. ನಮ್ಮ ಅಜ್ಜಿಯರು ಬಡತನದ ಊಟವೆಂದು ಸಂಕೋಚಪಡುತ್ತಿದ್ದ ನವಣೆಯ ಅನ್ನ ಲೋಕದ ಪಂಕ್ತಿಯಲ್ಲಿ ಕುಳಿತಿತು.

ಇನ್ನು ಇತ್ತೀಚಿನ ಕಾಲದ ನಾಲ್ಕು ನಿದರ್ಶನಗಳನ್ನು ನೋಡೋಣ. ಇವು ಕನ್ನಡಿಗರೆಲ್ಲರಿಗೂ ಪರಿಚಿತವಾದವು. ನಮ್ಮ ಲಾಂಛನಕ್ಕೆ ಬೇಕಾದ ಪಾಠಗಳು ಇವುಗಳಲ್ಲಿಯೇ ಇವೆ.

ಮೊದಲನೆಯದು ಬೆಂಗಳೂರಿನ ಎಂ.ಟಿ.ಆರ್. ಉಡುಪಿಯ ಕಡೆಯಿಂದ ಬಂದ ಮಯ್ಯ ಸೋದರರು 1924ರಲ್ಲಿ ‘ಬ್ರಾಹ್ಮಣ ಕಾಫಿ ಕ್ಲಬ್’ ಎಂಬ ಹೆಸರಿನಿಂದ ಸಣ್ಣ ಹೋಟೆಲೊಂದನ್ನು ತೆರೆದರು. 1960ರಲ್ಲಿ ಅದು ಲಾಲ್‌ಬಾಗ್ ರಸ್ತೆಗೆ ಬಂದಾಗ ‘ಮಾವಳ್ಳಿ ಟಿಫಿನ್ ರೂಮ್ಸ್’ ಎಂಬ ಹೆಸರು ನಿಂತಿತು. ಜಾತಿಯ ಹೆಸರು ಹೋಗಿ ಜಾಗದ ಹೆಸರು ಬಂದುದನ್ನು ಲಕ್ಷಿಸಬೇಕು. ಮಾವಳ್ಳಿ ಎಂದಾಗ ಆ ಬೀದಿಯಲ್ಲಿ ನಡೆಯುವವರೆಲ್ಲರಿಗೂ ಅಲ್ಲಿ ಎಡೆಯುಂಟಾಯಿತು. ಅದರ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪಿಗೆ ಹೋಗಿ ಅಲ್ಲಿಯ ಭೋಜನಶಾಲೆಗಳನ್ನು ಕಂಡು ಬಂದು, ಪಾತ್ರೆ ಲೋಟಗಳನ್ನು ಕುದಿಯುವ ಹಬೆಯಲ್ಲಿ ಶುದ್ಧಿಮಾಡುವ ಪದ್ಧತಿಯನ್ನು ಅಳವಡಿಸಿದರು. 1975ರಲ್ಲಿ ತುರ್ತುಪರಿಸ್ಥಿತಿಯ ಕಾಲಕ್ಕೆ ತಿಂಡಿಗಳ ಬೆಲೆಯನ್ನು ಸರಕಾರವು ಕಡಮೆಯ ಮಟ್ಟಕ್ಕೆ ಕಟ್ಟಿಹಾಕಿದಾಗ, ಗುಣವನ್ನು ಇಳಿಸಲು ಒಪ್ಪದೆ, ಆಯಾ ದಿನದ ನಷ್ಟವೆಷ್ಟೆಂದು ಹೊರಗೆ ಹಲಗೆಯ ಮೇಲೆ ಬರೆದು ನಿಲ್ಲಿಸುತ್ತಿದ್ದರೆಂಬುದು ಪ್ರಸಿದ್ಧವಾದ ಸಂಗತಿ. ಹಲಗೆಯ ಮೇಲೆ ಹೊಗಳಿಕೆಯನ್ನು ಬರೆಸುವವರು ಬಹಳ. ನಷ್ಟವನ್ನು ಬರೆದ ಆ ಹಲಗೆಯೇ ಆ ಹೋಟೆಲಿನ ನಿಜವಾದ ಲಾಂಛನವೆಂದು ನಾವು ತಿಳಿಯುತ್ತೇವೆ.

ಎರಡನೆಯದು ಧಾರವಾಡದ ಪೇಡೆ. ಅದನ್ನು ಆ ಊರಿಗೆ ತಂದವರು ಉತ್ತರಪ್ರದೇಶದ ಉನ್ನಾವ್ ಸೀಮೆಯಿಂದ ಬಂದು ನೆಲಸಿದ ಠಾಕೂರ್ ಮನೆತನದವರು. ಬಂದವರ ಕೈಯ ಸಿಹಿ, ನೆಲಸಿದ ಊರಿನ ಹಾಲು. ಎರಡೂ ಕೂಡಿ ಧಾರವಾಡದ ಹೆಸರಾಯಿತು. 1999ರಲ್ಲಿ ಶಾಸನವಾಗಿ 2003ರಲ್ಲಿ ಜಾರಿಗೆ ಬಂದ ಭೌಗೋಳಿಕ ಗುರುತುಗಳ ಕಾನೂನಿನಂತೆ ಇಂದು ಆ ಹೆಸರಿಗೆ ರಕ್ಷಣೆ ದೊರೆತಿದೆ. ಬ್ಯಾಡಗಿಯ ಮೆಣಸಿನಕಾಯಿಗೂ ಅದೇ ಮಾನ್ಯತೆಯುಂಟು. ಕಾರ ಕಡಮೆ, ಕೆಂಪು ಬಣ್ಣ ಹೆಚ್ಚು, ಸಿಪ್ಪೆ ಸುಕ್ಕುಸುಕ್ಕು ಎಂಬ ಆ ಮೆಣಸಿನ ಲಕ್ಷಣಗಳನ್ನು ನಿಮಗೆ ಹೇಳಬೇಕಾಗಿಲ್ಲ. ನಮ್ಮ ಕರ್ನೂಲು ಜಿಲ್ಲೆಯ ರೈತರೇ ವರ್ಷವರ್ಷವೂ ಒಣಮೆಣಸಿನ ಚೀಲಗಳನ್ನು ಹೇರಿಕೊಂಡು ಬ್ಯಾಡಗಿಯ ಮಾರುಕಟ್ಟೆಗೆ ಹೋಗುತ್ತಾರೆ. ಆಹಾರವು ಗಡಿಯನ್ನು ಕೇಳಿಕೊಂಡು ಹುಟ್ಟುವುದಿಲ್ಲ. ಆದರೆ ಅದು ಯಾವ ಹೆಸರಿನಿಂದ ನಡೆಯುವುದೋ ಆ ಊರಿಗೆ ಕೀರ್ತಿ ಸಲ್ಲುತ್ತದೆ. ಹೆಸರಿಲ್ಲದೆ ಚೀಲ ಹೊತ್ತವರಿಗೆ ಬಾಡಿಗೆ ಮಾತ್ರ ಉಳಿಯುತ್ತದೆ.

ಮೂರನೆಯದು ನಂದಿನಿ. ಕರ್ನಾಟಕದ ಹಾಲು ಉತ್ಪಾದಕರ ಮಹಾಮಂಡಳಿಯವರು ಹಾಲು ಮೊಸರು ತುಪ್ಪಗಳಿಗೆ ಇಟ್ಟ ಈ ಹೆಸರು ಯಾವ ಭಾಷಾಂತರವನ್ನೂ ಬೇಡುವುದಿಲ್ಲ. ವಸಿಷ್ಠಾಶ್ರಮದ ಹಸುವಿನ ಹೆಸರು ಓದು ಬಾರದವರಿಗೂ ಗೊತ್ತು. 2024ರಲ್ಲಿ ಅಮೆರಿಕ ಮತ್ತು ವೆಸ್ಟ್ ಇಂಡೀಸಿನಲ್ಲಿ ನಡೆದ ಇಪ್ಪತ್ತು ಓವರುಗಳ ವಿಶ್ವಕಪ್ ಕ್ರಿಕೆಟ್ಟಿನಲ್ಲಿ ಸ್ಕಾಟ್ಲೆಂಡಿನ ಆಟಗಾರರ ಅಂಗಿಯ ಮೇಲೆ ಈ ಹೆಸರು ಕನ್ನಡ ಅಕ್ಷರಗಳಲ್ಲಿಯೇ ಕಾಣಿಸಿತು. ‘ಇಂಗ್ಲಿಷಿನಲ್ಲಿ ಬರೆಯದಿದ್ದರೆ ಹೊರಗಿನವರಿಗೆ ತಿಳಿಯುವುದೆಂತು?’ ಎಂದು ಕೇಳುವ ನಮ್ಮ ತರುಣರು ಇದನ್ನು ನೆನೆಯಬೇಕು. ತನ್ನ ಅಕ್ಷರದಲ್ಲಿ ನಾಚಿಕೆಯಿಲ್ಲದೆ ನಿಂತ ಹೆಸರನ್ನು ಓದಲಾರದವರೂ ಚಿತ್ರದಂತೆ ನೋಡಿ ನೆನಪಿಡುತ್ತಾರೆ.

ನಾಲ್ಕನೆಯದು ಬರಿಯ ಒಂದು ಪದದ ಕಥೆ. 2023ರ ಮಾರ್ಚಿಯಲ್ಲಿ ಆಹಾರ ಸುರಕ್ಷತೆಯ ಕೇಂದ್ರ ಪ್ರಾಧಿಕಾರದವರು ಮೊಸರಿನ ಪೊಟ್ಟಣದ ಮೇಲೆ ‘ದಹಿ’ ಎಂದು ಮುದ್ರಿಸಬೇಕೆಂದೂ ಸ್ಥಳೀಯ ಹೆಸರನ್ನು ಆವರಣದೊಳಗೆ ಹಾಕಬಹುದೆಂದೂ ಸೂಚಿಸಿದರು. ಕರ್ನಾಟಕದಿಂದಲೂ ತಮಿಳುನಾಡಿನಿಂದಲೂ ಆಕ್ಷೇಪಗಳು ಹೊರಟವು. ಅದೇ ತಿಂಗಳ 30ರಂದು ಸೂಚನೆಯನ್ನು ತಿದ್ದಿ, ಮೊಸರು, ತಯಿರ್, ಪೆರುಗು ಮುಂತಾದ ಆಯಾ ಸೀಮೆಯ ಹೆಸರನ್ನು ಬಳಸಬಹುದೆಂದು ಪ್ರಕಟಿಸಿದರು. ನಮ್ಮ ಕೋಸಗಿಯ ಮನೆಗಳಲ್ಲಿ ಒಂದೇ ಗಡಿಗೆಯನ್ನು ತೋರಿಸಿ ಅಜ್ಜಿಯು ಮೊಸರೆನ್ನುವಳು, ನೆರೆಮನೆಯವಳು ಪೆರುಗೆನ್ನುವಳು. ಈ ಎರಡು ಹೆಸರುಗಳೂ ಒಂದೇ ಆದೇಶದಲ್ಲಿ ಒಟ್ಟಿಗೆ ಉಳಿದುಕೊಂಡವು. ಇದು ನಮ್ಮ ಸೀಮೆಗೆ ಒಳ್ಳೆಯ ಶಕುನ.

ಈಗ ನಮ್ಮ ಊರಿನ ವಿಷಯಕ್ಕೆ ಬರೋಣ. 1953ರ ಅಕ್ಟೋಬರ್ 1ರ ತನಕ ನಾವು ಮದರಾಸು ರಾಜ್ಯದ ಬಳ್ಳಾರಿ ಜಿಲ್ಲೆಯವರು. ಆ ದಿನ ಆಂಧ್ರ ರಾಜ್ಯವು ಹುಟ್ಟಿ, ಬಳ್ಳಾರಿ ಜಿಲ್ಲೆಯು ಒಡೆದು, ಆದವಾನಿ ಆಲೂರು ತಾಲ್ಲೂಕುಗಳು ಕರ್ನೂಲು ಜಿಲ್ಲೆಗೂ ರಾಯದುರ್ಗವು ಅನಂತಪುರ ಜಿಲ್ಲೆಗೂ ಸೇರಿದುವು. ಉಳಿದವು ಮೈಸೂರಿಗೆ ಹೋದುವು. ಕಚೇರಿಯ ಕಾಗದಗಳು ಒಂದೇ ದಿನದಲ್ಲಿ ಬದಲಾದುವು. ಅಡುಗೆಯ ಮನೆಗೆ ಮಾತ್ರ ಆ ಸುದ್ದಿ ಮುಟ್ಟಲಿಲ್ಲ. ಅಂದು ಸಂಜೆಯೂ ಅದೇ ಹಂಚಿನ ಮೇಲೆ ಅದೇ ಜೋಳದ ರೊಟ್ಟಿ ಬೆಂದಿತು. ಪುಂಡಿಪಲ್ಯ, ಶೇಂಗಾಹಿಂಡಿ, ಎಣ್ಣೆಗಾಯಿ, ಜೋಳದ ನುಚ್ಚು, ಸಜ್ಜೆಯ ರೊಟ್ಟಿ, ಅಂಬಲಿ ಇವು ಬಳ್ಳಾರಿಯಲ್ಲಿಯೂ ಉಳಿದುವು, ಆದವಾನಿಯಲ್ಲಿಯೂ ಉಳಿದುವು.

ಮಾತುಗಳು ಸಹ ಗಡಿಯನ್ನು ದಾಟಿ ಬೆರೆತಿವೆ. ಮಂಡಕ್ಕಿಯನ್ನು ನೀರಿನಲ್ಲಿ ನೆನೆಸಿ ಹಿಂಡಿ, ಈರುಳ್ಳಿ, ಹಸಿಮೆಣಸು, ಅರಿಸಿನಗಳ ಒಗ್ಗರಣೆಯಲ್ಲಿ ಕಲಸಿ, ಹುರಿಗಡಲೆಯ ಹಿಟ್ಟನ್ನುದುರಿಸಿ, ಮೆಣಸಿನಕಾಯಿ ಬಜ್ಜಿಯೊಡನೆ ಕೊಡುವ ತಿಂಡಿಯನ್ನು ಬಳ್ಳಾರಿ ರಾಯಚೂರುಗಳಲ್ಲಿ ‘ಒಗ್ಗರಣೆ’ ಎನ್ನುತ್ತಾರೆ. ನಮ್ಮ ತೆಲುಗು ನೆರೆಯವರು ಅದನ್ನೇ ‘ಉಗ್ಗಾನಿ’ ಎನ್ನುತ್ತಾರೆ. ಹಬ್ಬದ ಹೋಳಿಗೆಯು ರಾಯಲಸೀಮೆಯ ತೆಲುಗಿನಲ್ಲಿ ‘ಓಳಿಗ’ಯಾಗಿ ಕುಳಿತಿದೆ. ‘ಸಂಗಟಿ’ ಎಂಬ ಮಾತನ್ನು ಇಬ್ಬರೂ ಆಡುತ್ತೇವೆ. ಯಾವ ಮಾತು ಯಾರ ಮನೆಯಿಂದ ಹೊರಟು ಯಾರ ಮನೆಯನ್ನು ಸೇರಿತೆಂದು ವ್ಯಾಜ್ಯ ಹೂಡುವುದಕ್ಕಿಂತ, ಇವು ಎರಡು ಮನೆಗಳ ನಡುವಣ ಬಾಗಿಲೆಂದು ತಿಳಿಯುವುದು ಮೇಲು.

ಹಾಗಾದರೆ ಚಿಂತೆಗೆ ಕಾರಣವೇನು? ಕಾರಣವುಂಟು. ಅಡುಗೆ ಉಳಿದಿದೆ, ಅದರ ಹೆಸರುಗಳು ಕಳಚಿ ಬೀಳುತ್ತಿವೆ. ತರಗತಿಯಲ್ಲಿ ‘ಮನೆಯಲ್ಲಿ ಬೆಳಿಗ್ಗೆ ಏನು ತಿಂದಿರಿ?’ ಎಂದು ಕೇಳಿದರೆ ಮಕ್ಕಳು ‘ಟಿಫಿನ್’ ಎನ್ನುತ್ತಾರೆ. ಮಧ್ಯಾಹ್ನದ್ದು ‘ಮೀಲ್ಸ್’, ಸಾಯಂಕಾಲದ್ದು ‘ಸ್ನ್ಯಾಕ್ಸ್’. ಒನಕೆ, ಒರಳು, ಬೀಸುಕಲ್ಲು, ಮೊರ ಎಂಬ ಪದಗಳನ್ನು ನಾವು ಕರಿಹಲಗೆಯ ಮೇಲೆ ಚಿತ್ರ ಬರೆದು ವಿವರಿಸಬೇಕಾಗಿದೆ. ಪಾಠಪುಸ್ತಕದ ಕನ್ನಡವು ಶಾಲೆಯಲ್ಲಿ ಬರುತ್ತದೆ. ಕಚೇರಿಯ ಮಾತು ತೆಲುಗು. ಕೈಯ ಫೋನಿನ ಮಾತು ಇಂಗ್ಲಿಷು. ಕನ್ನಡವು ಹುಟ್ಟಿನಿಂದ ಬರುವ ಸ್ಥಳ ಒಲೆಯ ಮುಂದೆ ಮಾತ್ರ. ಆ ಸ್ಥಳದಲ್ಲಿಯೂ ಅದು ಆರಿಹೋದರೆ, ಗಡಿಯ ಕನ್ನಡ ಮಾಧ್ಯಮ ಶಾಲೆಗೆ ಮಕ್ಕಳನ್ನು ಕಳುಹಿಸಲು ತಾಯಿತಂದೆಗಳಿಗೆ ಉಳಿಯುವ ಕಾರಣವೇನು? ಈ ಸಮ್ಮೇಳನವನ್ನು ಹೊಟ್ಟೆಯ ಉತ್ಸವವೆಂದು ಹಗುರಾಗಿ ಭಾವಿಸಬಾರದೆಂದು ನಾವು ಪ್ರಾರ್ಥಿಸುವುದು ಇದಕ್ಕಾಗಿಯೇ. ಇದು ಹೆಸರುಗಳನ್ನು ಉಳಿಸಿಕೊಳ್ಳುವ ಕೆಲಸ.

ಆದಕಾರಣ ಮೊದಲು ಸಮ್ಮೇಳನದ ಹೆಸರು. ಕಾಗದಪತ್ರಗಳಲ್ಲಿ ‘ಪಾಕ ಸಮ್ಮೇಳನ’ ಎಂದಿದೆ. ಶಬ್ದವೇನೋ ಶುದ್ಧ. ಆದರೆ ಪಾಕವೆಂದರೆ ಮನೆಯವರಿಗೆ ಬೆಲ್ಲದ ಪಾಕ ನೆನಪಾಗುತ್ತದೆ, ಪತ್ರಿಕೆ ಓದುವವರಿಗೆ ನೆರೆಯ ದೇಶ ನೆನಪಾಗುತ್ತದೆ. ‘ಫುಡ್ ಫೆಸ್ಟಿವಲ್’ ಎಂದರೆ ಅದು ಯಾವ ಊರಿನಲ್ಲಿಯೂ ನಡೆಯಬಹುದಾದುದು. ಕೋಸಗಿಯದೆಂಬ ಕುರುಹು ಅದರಲ್ಲಿಲ್ಲ. ನಮ್ಮ ಸೂಚನೆಯು ‘ಕೋಸಗಿಯ ಬುತ್ತಿ’ ಎಂಬುದು. ಬುತ್ತಿಯೆಂದರೆ ಮನೆಯಿಂದ ಹೊಲಕ್ಕೆ, ಊರಿಂದ ಪರವೂರಿಗೆ ಕಟ್ಟಿಕೊಂಡು ಹೋಗುವ ಅನ್ನ. ಅದನ್ನು ಕಟ್ಟಿಕೊಡುವವರೊಬ್ಬರು, ಬಿಚ್ಚಿ ಹಂಚಿಕೊಂಡು ತಿನ್ನುವವರು ಹಲವರು. ಕನ್ನಡ ರಾಜ್ಯದ ಹೊರಗೆ ಇರುವ ನಾವು ಭಾಷೆಯನ್ನು ಕಟ್ಟಿಕೊಂಡಿರುವುದೂ ಬುತ್ತಿಯಂತೆಯೇ. ಎರಡೇ ಅಕ್ಷರದ ಮಾತು, ಬಾಯಿಗೆ ಸುಲಭ, ಬೇರೆ ಯಾವ ವಸ್ತುವಿನೊಡನೆಯೂ ಗೊಂದಲವಾಗದು. ಮೇಲಾಗಿ ಊರ ಹೆಸರೇ ಮೊದಲಿಗೆ ನಿಲ್ಲುತ್ತದೆ.

ಎರಡನೆಯದು ಚಿತ್ರ. ಸಮಿತಿಯವರ ಮುಂದೆ ಹಲವು ಸೂಚನೆಗಳು ಬಂದಿವೆ. ಗಂಡಭೇರುಂಡವಾಗಲಿ, ಸಿಂಹದ ಬೋದಿಗೆಯಾಗಲಿ ಬೇಡ. ಅವು ಸರಕಾರಗಳ ಮುದ್ರೆಗಳು. 1950ರ ಮತ್ತು 2005ರ ಕಾನೂನುಗಳಂತೆ ರಾಷ್ಟ್ರದ ಲಾಂಛನವನ್ನು ಮನಬಂದಂತೆ ಬಳಸುವುದು ನಿಷಿದ್ಧ. ಎತ್ತರವಾದ ಬಿಳಿಯ ಟೋಪಿಯ ಅಡುಗೆಯವನ ಚಿತ್ರವು ಎಲ್ಲ ಹೋಟೆಲುಗಳ ಗೋಡೆಯ ಮೇಲೂ ಇದೆ. ಅವನು ನಮ್ಮ ಯಾವ ಬೀದಿಯವನೂ ಅಲ್ಲ. ಸೌಟು ಹಿಡಿದ ಗೃಹಿಣಿಯ ಚಿತ್ರವು ನೋಡಲು ಚೆನ್ನ. ಆದರೆ ಒಲೆಯ ಹೊಗೆಯೆಲ್ಲ ಹೆಂಗಸರ ಪಾಲೆಂದು ನಾವೇ ಮುದ್ರೆಯೊತ್ತಿ ಕೊಟ್ಟಂತಾಗುತ್ತದೆ. ನಳಪಾಕ ಭೀಮಪಾಕಗಳೆಂದು ಹೊಗಳುವ ನಾವು ಗಂಡಸರು ಸೌಟು ಹಿಡಿದುದನ್ನು ಮರೆಯಬಾರದು. ಬಾಳೆಯೆಲೆಯ ತುಂಬ ಬಡಿಸಿದ ಭೋಜನವೂ ನಮ್ಮದಲ್ಲ. ಬಾಳೆಯೆಲೆ ನೀರಿನ ನಾಡಿನದು. ಎರೆಯ ನೆಲದ ನಮ್ಮ ಹಿರಿಯರು ಉಂಡುದು ಮುತ್ತುಗದ ಎಲೆಯ ಪತ್ರಾಳಿಯಲ್ಲಿ.

ಇನ್ನೂ ಒಂದು ಸೂಕ್ಷ್ಮವುಂಟು. ಭೋಜನದ ಚಿತ್ರ ಬರೆದೊಡನೆ ಯಾರ ಭೋಜನ ಎಂಬ ಪ್ರಶ್ನೆ ಏಳುತ್ತದೆ. 2024ರ ಡಿಸೆಂಬರ್ 20, 21, 22ರಂದು ಮಂಡ್ಯದಲ್ಲಿ ನಡೆದ 87ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಮುಂಚೆ, ಊಟದಲ್ಲಿ ಮಾಂಸಾಹಾರವೂ ಇರಬೇಕೆಂದು ಎಷ್ಟು ಚರ್ಚೆಯಾಯಿತೆಂಬುದನ್ನು ಬಲ್ಲಿರಿ. ನಮ್ಮ ಸಮ್ಮೇಳನಕ್ಕೆ ಬರುವ ಮನೆಗಳಲ್ಲಿ ಈರುಳ್ಳಿಯನ್ನೂ ಮುಟ್ಟದವರುಂಟು; ಮಾಂಸದ ಸಾರಿಲ್ಲದೆ ಹಬ್ಬವಾಗದವರೂ ಉಂಟು. ಯಾರೊಬ್ಬರ ಎಲೆಯನ್ನು ಲಾಂಛನವಾಗಿಸಿದರೂ ಮತ್ತೊಬ್ಬರು ಬಾಗಿಲಲ್ಲಿಯೇ ನಿಲ್ಲುತ್ತಾರೆ.

ಹಾಗಾದರೆ ಎಲ್ಲರ ಮನೆಯಲ್ಲಿಯೂ ಇರುವುದೇನು? ಜೋಳದ ರೊಟ್ಟಿ. ಕಾಲುವೆಯ ನೀರು ಹರಿದ ಕಡೆ ಭತ್ತ ಬಂದಿತು, ಅನ್ನ ಹೆಚ್ಚಿತು. ಆದರೂ ರೊಟ್ಟಿ ಎಲ್ಲಿಯೂ ಬಿಟ್ಟುಹೋಗಲಿಲ್ಲ. ಮಠದಲ್ಲಿಯೂ ಉಂಟು, ಕೇರಿಯಲ್ಲಿಯೂ ಉಂಟು. ಹಿಂದೂಗಳ ಹಂಚಿನ ಮೇಲೂ ಉಂಟು, ಮುಸಲ್ಮಾನರ ಹಂಚಿನ ಮೇಲೂ ಉಂಟು. ಪಲ್ಯದೊಡನೆಯೂ ಸೈ, ಮಾಂಸದೊಡನೆಯೂ ಸೈ. ಗೋಧಿಗಿರುವ ಅಂಟು ಜೋಳಕ್ಕಿಲ್ಲ. ಆದುದರಿಂದ ಬಿಸಿನೀರಿನಲ್ಲಿ ನಾದಿ, ಲಟ್ಟಣಿಗೆಯ ಹಂಗಿಲ್ಲದೆ ಅಂಗೈಯಿಂದಲೇ ತಟ್ಟಿ ಅಗಲಿಸಬೇಕು. ಹಂಚಿನ ಮೇಲೆ ಹಾಕಿ ನೀರು ಸವರಿ, ತಿರುವಿ, ಕೆಂಡದ ಮುಂದೆ ನಿಲ್ಲಿಸಿದರೆ ಉಬ್ಬುತ್ತದೆ. ಬೆಂದ ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿರಿ. ತಟ್ಟಿದವರ ಬೆರಳುಗಳ ಸಣ್ಣ ತಗ್ಗುಗಳು ಅಂಚಿನ ಬಳಿ ಕಾಣುತ್ತವೆ. ಒಬ್ಬರ ಕೈಯ ಗುರುತು ಮತ್ತೊಬ್ಬರದರಂತಿರದು. ರೊಟ್ಟಿಯು ತನ್ನ ಅಂಕಿತವನ್ನು ತಾನೇ ಹೊತ್ತು ಬರುತ್ತದೆ. ನಾವು ಹೊಸದಾಗಿ ಕಲ್ಪಿಸಬೇಕಾದುದು ಏನೂ ಇಲ್ಲ.

ಆದ್ದರಿಂದ ನಮ್ಮ ಲಾಂಛನವು ಹೀಗಿರಲಿ: ಒಂದು ದುಂಡಗಿನ ರೊಟ್ಟಿ, ಕೈವಾರದಿಂದ ಎಳೆದಂತೆ ನಿಖರವಾಗಿರದೆ ಕೈಯಿಂದ ತಟ್ಟಿದಂತೆ ಇರಬೇಕು, ಅದರ ಒಳಗೆ ಒಂದು ಅಂಚಿಗೆ ಬಾಗಿದ ಐದು ಬೆರಳ ಗುರುತು, ಕೆಳಗೆ ಹೆಸರು. ಇದಿಷ್ಟೇ. ಒಳ್ಳೆಯ ಲಾಂಛನಕ್ಕೆ ನಾಲ್ಕು ಪರೀಕ್ಷೆಗಳುಂಟು. ಮೂರನೆಯ ತರಗತಿಯ ಮಗು ಸುಣ್ಣದ ಕಡ್ಡಿಯಿಂದ ಅದನ್ನು ಬರೆಯಬಲ್ಲುದೆ? ಒಂದು ರೂಪಾಯಿಯ ನಾಣ್ಯದಷ್ಟು ಚಿಕ್ಕದಾಗಿ ರಶೀತಿಯ ಮೇಲೆ ಒತ್ತಿದರೂ ತಿಳಿಯುವುದೆ? ಒಂದೇ ಬಣ್ಣದ ಮಸಿಯಲ್ಲಿ ಅಚ್ಚಾದರೂ ಕೆಡದೆ ಉಳಿಯುವುದೆ? ರಸ್ತೆಯ ಆಚೆಯ ಬದಿಯಿಂದ ಕಾಣುವುದೆ? ಈ ನಾಲ್ಕರಲ್ಲಿಯೂ ರೊಟ್ಟಿಯು ಗೆಲ್ಲುತ್ತದೆ. ಅಂಗಳದ ರಂಗೋಲಿಯಲ್ಲಿಯೂ ಅದನ್ನು ಬಿಡಿಸಬಹುದು, ಬಟ್ಟೆಯ ಚೀಲದ ಮೇಲೂ ಒತ್ತಬಹುದು.

ಬಣ್ಣದ ಮಾತು. ಅರಿಸಿನ ಕುಂಕುಮದ ಬಣ್ಣದ ಕನ್ನಡ ಬಾವುಟವನ್ನು 1960ರ ದಶಕದಲ್ಲಿ ಮ. ರಾಮಮೂರ್ತಿಯವರು ರೂಪಿಸಿಕೊಟ್ಟರು. ರಾಜ್ಯೋತ್ಸವದ ದಿನ ನಮ್ಮ ವೇದಿಕೆಯ ಮೇಲೆ ಅದು ಹಾರಲಿ. ಅದರ ಗೌರವವು ಅಲ್ಲಿದೆ. ಬುತ್ತಿಯ ಗುರುತಿಗೆ ಮಾತ್ರ ನಮ್ಮ ನೆಲದ ಬಣ್ಣಗಳೇ ಸಾಕು: ಎರೆಯ ಮಣ್ಣಿನ ಕಪ್ಪು, ಜೋಳದ ಹಾಲುಬಿಳುಪು, ಒಣಮೆಣಸಿನ ಕೆಂಪು. ಬಾವುಟವು ನಾವು ಯಾರೆಂದು ಸಾರುತ್ತದೆ. ಬುತ್ತಿಯಾದರೋ ಬನ್ನಿ, ಕುಳಿತುಕೊಳ್ಳಿ ಎಂದು ನೆರೆಯವರನ್ನು ಕರೆಯಬೇಕು. ಎರಡು ಕೆಲಸಗಳೂ ಒಳ್ಳೆಯವೇ. ಒಂದನ್ನು ಮತ್ತೊಂದರ ಮೇಲೆ ಹೇರಬಾರದು.

ಅಕ್ಷರದ ವಿಷಯದಲ್ಲಿ ನಮ್ಮ ಹಟವು ಸ್ವಲ್ಪ ಹೆಚ್ಚು. ಗಡಿಯೂರುಗಳ ಅಚ್ಚಿನ ಅಂಗಡಿಗಳಲ್ಲಿ ಅಕ್ಷರ ಜೋಡಿಸುವವರಿಗೆ ತೆಲುಗು ಚೆನ್ನಾಗಿ ಬರುತ್ತದೆ, ಕನ್ನಡ ಅರೆಬರೆಯಾಗಿ ಬರುತ್ತದೆ. ಅವರ ತಪ್ಪಲ್ಲ, ಕಲಿಸಿದವರಿಲ್ಲ. ಕನ್ನಡ ತೆಲುಗು ಲಿಪಿಗಳು ಒಂದೇ ತಾಯಿಯ ಮಕ್ಕಳಾಗಿ ಶತಮಾನಗಳ ಕಾಲ ಒಂದಾಗಿದ್ದು ಆಮೇಲೆ ಬೇರೆಯಾದವು. ಹೋಲಿಕೆ ಇರುವುದರಿಂದಲೇ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಫ್ಲೆಕ್ಸ್ ಹಲಗೆಯ ಮೇಲೆ ಒತ್ತಕ್ಷರ ಕತ್ತರಿಸಿ ಹೋಗಿ ‘ಬುತ್ತಿ’ಯು ‘ಬುತಿ’ಯಾದರೆ ನಗೆಪಾಟಲು. ಆದಕಾರಣ ಹೆಸರನ್ನು ಕೈಬರಹದಲ್ಲಿ ಒಮ್ಮೆ ದೊಡ್ಡದಾಗಿ, ಶುದ್ಧವಾಗಿ ಬರೆಯಿಸಿ, ಅದರ ಪಡಿಯಚ್ಚನ್ನೇ ಎಲ್ಲೆಡೆ ಬಳಸಬೇಕು. ಬರೆಯುವವರು ನಮ್ಮ ಕನ್ನಡ ಶಾಲೆಯ ಮಕ್ಕಳೇ ಆಗಲಿ. ಎಲ್ಲರ ಬರಹವನ್ನು ತರಿಸಿ ಒಂದನ್ನು ಆರಿಸೋಣ.

ಕನ್ನಡ ಸಂಘದ ಹಲಗೆಯ ಮೇಲೆ ತೆಲುಗು ಬೇಕೆ ಎಂದು ಕೆಲವು ಹಿರಿಯರು ಕೇಳಿದ್ದಾರೆ. ಅವರ ಕಳವಳವನ್ನು ನಾವು ಬಲ್ಲೆವು. ಸೀಮೆಯಲ್ಲಿ ಕಡಮೆ ಸಂಖ್ಯೆಯವರಾದ ನಾವು ಒಂದೊಂದು ಹಲಗೆಯನ್ನೂ ಕಾಯ್ದುಕೊಳ್ಳಬೇಕಾಗಿದೆ ಎಂಬುದು ನಿಜ. ಆದರೂ ನಮ್ಮ ಅಭಿಪ್ರಾಯ ಹೀಗಿದೆ: ಮೇಲೆ ಕನ್ನಡ, ಅದರ ಕೆಳಗೆ ಓದಲು ಬರುವಷ್ಟು ದೊಡ್ಡದಾಗಿ ತೆಲುಗು. ಮನೆಯ ಯಜಮಾನನು ಮೊದಲು ತನ್ನ ಹೆಸರನ್ನು ಹೇಳಿ, ಆಮೇಲೆ ಅತಿಥಿಯ ಭಾಷೆಯಲ್ಲಿ ಉಪಚಾರ ಮಾಡುವುದು ಸಂಪ್ರದಾಯ. ತೆಲುಗಿನ ಅಕ್ಕಂದಿರು ಓದಿ ಒಳಗೆ ಬಂದು, ‘ಇದೇ ನಮ್ಮ ಉಗ್ಗಾನಿಯಲ್ಲವೆ?’ ಎಂದು ನಕ್ಕರೆ, ಕನ್ನಡ ಶಾಲೆಗೆ ಈ ಊರಿನಲ್ಲಿ ನಾಲ್ಕು ಮಂದಿ ಸ್ನೇಹಿತರು ಹೆಚ್ಚಿದಂತೆ. ನಮಗೆ ಅಂಥ ಸ್ನೇಹ ಬೇಕು.

ಕಡೆಯದಾಗಿ ನಡತೆ. ಲಾಂಛನವನ್ನು ಬರೆಯುವುದು ಒಂದು ದಿನದ ಕೆಲಸ, ಉಳಿಸಿಕೊಳ್ಳುವುದು ವರ್ಷಗಳ ಕೆಲಸ. ನಮ್ಮ ನೆರೆಯ ಲಿಂಗಸುಗೂರು ಸೀಮೆಯ ಅಮರೇಶ್ವರದ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ನೆನೆಯೋಣ. ಗಂಡನಾದ ಮಾರಯ್ಯನು ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವನು. ಒಂದು ದಿನ ಅಳತೆಗಿಂತ ಹೆಚ್ಚಾಗಿ ತಂದಾಗ, ಇಷ್ಟು ನಮ್ಮದಲ್ಲ, ಹಿಂದಕ್ಕೆ ಸುರಿದು ಬನ್ನಿರೆಂದು ಆಕೆ ಕಳುಹಿದಳು. ಲಾಂಛನವೂ ಅಳತೆ ಮೀರಿದ ಅಕ್ಕಿಯನ್ನು ತರಬಾರದು. ನಮ್ಮಲ್ಲಿ ಇಲ್ಲದುದನ್ನು ಅದು ಇದೆಯೆನ್ನಬಾರದು. ಪ್ರತಿಯೊಂದು ಪಾತ್ರೆಯ ಮುಂದೆ ಒಂದು ಚೀಟಿ ಇರಲಿ. ಅಡುಗೆಯ ಹೆಸರು, ಮಾಡಿದ ಊರು, ಹಾಕಿದ ಪದಾರ್ಥ, ಇವು ಅದರಲ್ಲಿ ಸ್ಪಷ್ಟವಾಗಿ ಬರೆದಿರಲಿ. ಶೇಂಗಾ ಒಗ್ಗದವರಿರುತ್ತಾರೆ; ಅವರಿಗೆ ತಿಳಿಯಬೇಡವೆ? ಸಸ್ಯಾಹಾರಕ್ಕೆ ಹಸಿರು ಚೌಕದೊಳಗಣ ಹಸಿರು ಚುಕ್ಕೆ, ಮಾಂಸಾಹಾರಕ್ಕೆ ಕಂದು ಚೌಕದೊಳಗಣ ಕಂದು ತ್ರಿಕೋನ ಎಂದು ಸರಕಾರವೇ ಗುರುತು ಮಾಡಿಕೊಟ್ಟಿದೆ. ಓದು ಬಾರದವರಿಗೂ ತಿಳಿಯುವ ಆ ಗುರುತುಗಳನ್ನು ಬಳಸಿ ಎರಡು ಸಾಲು ಬೇರೆಬೇರೆ ಮಾಡೋಣ. ಎರಡಕ್ಕೂ ನೆರಳು ಒಂದೇ ಇರಲಿ, ಒಂದು ಸಾಲು ಚಪ್ಪರದಲ್ಲಿ ಮತ್ತೊಂದು ಬಿಸಿಲಿನಲ್ಲಿ ಆಗಬಾರದು. ಕುಡಿಯುವ ನೀರು ಕಾಯಿಸಿ ಆರಿಸಿದುದಾಗಲಿ. ಉಳಿದ ಅನ್ನ ಎಸೆಯದಂತೆ ಮೊದಲೇ ಏರ್ಪಾಡಾಗಲಿ.

ಒಂದು ಕೆಲಸವನ್ನು ಇಂದಿನಿಂದಲೇ ತೊಡಗಬಹುದು. ಇಲ್ಲಿ ಕುಳಿತಿರುವ ಪ್ರತಿಯೊಬ್ಬ ವಿದ್ಯಾರ್ಥಿಯೂ ವಿದ್ಯಾರ್ಥಿನಿಯೂ ಮನೆಯ ಅಜ್ಜಿಯನ್ನೋ ಅಮ್ಮನನ್ನೋ ಕೇಳಿ ಒಂದೊಂದು ಅಡುಗೆಯನ್ನು ಬರೆದು ತನ್ನಿರಿ. ಅವರು ಆಡಿದ ಮಾತನ್ನೇ ಬರೆಯಿರಿ. ಅದನ್ನು ಪುಸ್ತಕದ ಕನ್ನಡಕ್ಕೆ ತಿದ್ದಬೇಡಿ. ಅಳತೆಯನ್ನು ಹಿಡಿ, ಬೊಗಸೆ, ಚಿಟಿಕೆ ಎಂದು ಅವರು ಹೇಳಿದರೆ ಹಾಗೆಯೇ ಇರಲಿ. ಒತ್ತಕ್ಷರವನ್ನು ಮಾತ್ರ ನಾವು ತಿದ್ದಿಕೊಡುತ್ತೇವೆ. ಸಮ್ಮೇಳನದ ದಿನ ಆ ಬರಹಗಳೇ ಪಾತ್ರೆಗಳ ಮುಂದಿನ ಚೀಟಿಗಳಾಗುತ್ತವೆ. ಮರುದಿನ ಅವೇ ಒಂದು ಪುಸ್ತಕವಾಗುತ್ತವೆ. ಮಗಳು ಬರೆದ ಅಕ್ಷರವನ್ನು ತಾಯಿಯು ತನ್ನ ಅಡುಗೆಯ ಮುಂದೆ ನೋಡಿದಾಗ, ಕನ್ನಡ ಕಲಿತರೆ ಪ್ರಯೋಜನವೇನು ಎಂಬ ಪ್ರಶ್ನೆಗೆ ಸಂಘದವರು ಬೇರೆ ಉತ್ತರ ಕೊಡಬೇಕಾಗಿಲ್ಲ.

ಹೆಸರು, ಚಿತ್ರ, ಬಣ್ಣ, ಅಕ್ಷರ, ನಡತೆ ಎಂಬ ಈ ಐದನ್ನೂ ಸಮಿತಿಯವರು ಪರಾಮರ್ಶಿಸಿ, ಬೇಕಾದುದನ್ನು ಉಳಿಸಿಕೊಂಡು ಬೇಡವಾದುದನ್ನು ಬಿಡಬೇಕಾಗಿ ವಿನಂತಿ. ಐದು ಬೆರಳು ಸೇರಿದರೆ ರೊಟ್ಟಿ. ಒಂದು ಬೆರಳಿನಿಂದ ಹಿಟ್ಟನ್ನು ಚುಚ್ಚಬಹುದೇ ಹೊರತು ತಟ್ಟಲಾಗದು. ಊರಿನ ಎಲ್ಲ ಕೈಗಳೂ ಈ ಕೆಲಸಕ್ಕೆ ಕೂಡಲಿ.

ಕನ್ನಡ ತಾಯಿಗೆ ಜಯವಾಗಲಿ.